ಹಳೆಯ ಕಂಪ್ಯೂಟರಿನಲ್ಲಿ ಉಳಿದ ಕನ್ನಡ: ಸಂಪರ್ಕ ತಪ್ಪಿದರೆ ಏನು ಮಾಡುವಿರಿ?



ನಿಮ್ಮಲ್ಲಿ ಎಷ್ಟೋ ಮಂದಿ ಐರೋಲಿ, ಪವಾಯಿ, ಮಲಾಡ್, ಅಂಧೇರಿಯ ಕಚೇರಿಗಳಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವವರು. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತೀರಿ, ಲೋಕಲ್ ಟ್ರೇನಿನಲ್ಲಿ ಹಿಂದಿ, ಮರಾಠಿ, ಬರೆಯುವುದೆಲ್ಲ ಇಂಗ್ಲಿಷಿನಲ್ಲಿ. ಈ ಲೇಖನವನ್ನು ಅಮ್ಮನಿಂದ ಓದಿಸಿ ಕೇಳುತ್ತಿರುವವರೂ ಇರಬಹುದು. ಅದಕ್ಕೆ ಸಂಕೋಚ ಬೇಡ. ಕನ್ನಡ ಚೆನ್ನಾಗಿ ಓದಬಲ್ಲ ನಿಮ್ಮ ಹಿರಿಯರಿಂದ ಆಗದ, ನಿಮ್ಮಿಂದಲೇ ಆಗಬೇಕಾದ ಒಂದು ಕನ್ನಡದ ಕೆಲಸವಿದೆ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಬೀಗ ಬಿದ್ದ ಅಕ್ಷರಗಳು

1990ರ ದಶಕದಲ್ಲಿ ಕನ್ನಡ ಅಚ್ಚಿನ ಕೆಲಸ ಮೊಳೆಗಳಿಂದ ಕಂಪ್ಯೂಟರಿಗೆ ಬಂತು. ಸಂಘಗಳ ಸ್ಮರಣ ಸಂಚಿಕೆ, ನಾಟಕದ ಪ್ರತಿ, ಯಕ್ಷಗಾನ ಪ್ರಸಂಗ, ಮದುವೆಯ ಕರೆಯೋಲೆ, ಎಲ್ಲವೂ ಪೇಜ್‌ಮೇಕರ್ ಎಂಬ ತಂತ್ರಾಂಶದಲ್ಲಿ ಪುಟಗಳಾದವು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದ ಮೇಲೆ ಮನೆಯಲ್ಲೇ ಕನ್ನಡ ಬರೆಯುವುದು ಸುಲಭವಾಯಿತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಬಂತು.

ಆಗಿನ ಫಾಂಟುಗಳಲ್ಲಿ ಒಂದು ತೊಡಕಿತ್ತು. ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಜಾಗದಲ್ಲಿ ಅವು ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತದೆ. ಬರಹ, ನುಡಿಯ ಬರಿಯ ಪಠ್ಯವನ್ನು ಇಂದಿನ ಯೂನಿಕೋಡಿಗೆ ಬದಲಾಯಿಸುವ ಸಾಧನಗಳಿವೆ. ಪೇಜ್‌ಮೇಕರ್ ಪುಟಗಳ ಕಥೆ ಬೇರೆ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದೇ ಕಂಪೆನಿಯ ಇಂದಿನ ಇನ್‌ಡಿಸೈನ್ ಆ ಕಡತಗಳನ್ನು ತೆರೆಯುವುದಿಲ್ಲ.

ಅಚ್ಚಾದ ಪ್ರತಿ ಇದೆಯಲ್ಲ ಎನ್ನಬಹುದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಕಲೀನಾ, ಕುರ್ಲಾಗಳ ನೆಲಮಹಡಿಯ ಮನೆಗಳಿಗೆ ನೀರು ನುಗ್ಗಿದ್ದನ್ನು ನಿಮ್ಮ ತಂದೆ-ತಾಯಿಯನ್ನು ಕೇಳಿ. ಮುಂಬಯಿಯ ಮಳೆ, ಗೆದ್ದಲು, ಜಾಗದ ಅಭಾವ, ಈ ಮೂರರಿಂದ ಪಾರಾಗುವ ಕಾಗದ ಕಡಿಮೆ. ಹಾಗಾಗಿ ಅಟ್ಟದ ಮೇಲಿನ ಹಳೆಯ ಹಾರ್ಡ್ ಡಿಸ್ಕನ್ನು ಗುಜರಿಗೆ ಹಾಕುವ ಮುನ್ನ ಸ್ವಲ್ಪ ತಾಳಿ.

ಕಂಪ್ಯೂಟರಿನೊಳಗೊಂದು ಕಂಪ್ಯೂಟರ್

ಹಳೆಯ ಯಂತ್ರ ಸತ್ತರೂ ಅದರ ಪರಿಸರವನ್ನು ಹೊಸ ಯಂತ್ರದೊಳಗೆ ಬದುಕಿಸಬಹುದು. ಇದಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಇದು ಹೊಸ ವಿಚಾರವೇನೂ ಅಲ್ಲ. 1960ರ ದಶಕದಲ್ಲೇ ಐಬಿಎಂ ಕಂಪೆನಿ ತನ್ನ ದೊಡ್ಡ ಗಣಕಯಂತ್ರವನ್ನು ಹೀಗೆ ಹಲವು ಯಂತ್ರಗಳಾಗಿ ವಿಂಗಡಿಸಿ ತೋರಿಸಿತ್ತು. 2007ರಲ್ಲಿ ಬಂದ ವರ್ಚುವಲ್‌ಬಾಕ್ಸ್ ಈಗ ಒರೇಕಲ್ ಕಂಪೆನಿಯ ಕೈಯಲ್ಲಿದೆ. ನಿಮ್ಮ ಲ್ಯಾಪ್‌ಟಾಪ್ ಆತಿಥೇಯ. ಅದರೊಳಗೆ ನಡೆಯುವ ವಿಂಡೋಸ್ ಎಕ್ಸ್‌ಪಿ ಅತಿಥಿ. ಅತಿಥಿಯಲ್ಲಿ ಪೇಜ್‌ಮೇಕರ್ ಮತ್ತು ಹಳೆಯ ಫಾಂಟುಗಳನ್ನು ಹಾಕಿದರೆ ಪುಟ ಅಂದಿನಂತೆಯೇ ಎದ್ದು ಬರುತ್ತದೆ. ಆದರೆ ಅತಿಥಿ ಏಳುತ್ತಾನೆ, ಆತಿಥೇಯನೊಡನೆ ಮಾತೇ ಆಡುವುದಿಲ್ಲ! ಹೆಚ್ಚಿನವರು ಸೋತು ಕೈಬಿಡುವುದು ಇಲ್ಲಿಯೇ.

ಉಡುಪಿ ಹೋಟೆಲಿನ ಫೋನಿನ ಹಾಗೆ

ಸಂಪರ್ಕದಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು 'ನ್ಯಾಟ್'. ಲಾಡ್ಜಿಂಗ್ ಇರುವ ನಮ್ಮ ಉಡುಪಿ ಹೋಟೆಲನ್ನು ನೆನೆಯಿರಿ. ಕೋಣೆಯಿಂದ ಹೊರಗೆ ಫೋನ್ ಮಾಡಬಹುದು; ಹೊರಗಿನವರು ಮಾಡಿದ ಕರೆ ಮಾತ್ರ ಗಲ್ಲಾದವರೆಗೆ ಬಂದು ನಿಲ್ಲುತ್ತದೆ. 'ಇಂಥ ಕರೆ ಬಂದರೆ ಇಂಥ ಕೋಣೆಗೆ ಕೊಡಿ' ಎಂದು ಮೊದಲೇ ಹೇಳಿಟ್ಟರೆ ಅದೇ ಪೋರ್ಟ್ ಫಾರ್ವರ್ಡಿಂಗ್. ಎರಡನೆಯದು 'ಬ್ರಿಜ್ಡ್'. ಇಲ್ಲಿ ಅತಿಥಿಗೆ ತನ್ನದೇ ಪ್ರತ್ಯೇಕ ನಂಬರು. ಮೂರನೆಯದು 'ಹೋಸ್ಟ್ ಓನ್ಲಿ'. ಇದು ಮನೆಯೊಳಗಿನ ಇಂಟರ್‌ಕಾಮ್, ಹೊರಗೆ ಹೋಗುವುದಿಲ್ಲ. ಯಾವುದನ್ನು ಆರಿಸಿದ್ದೀರಿ ಎಂಬುದು ಗೊತ್ತಿದ್ದರೆ ಅರ್ಧ ಸಮಸ್ಯೆ ಬಗೆಹರಿದಂತೆ. ನ್ಯಾಟ್ ಇಟ್ಟುಕೊಂಡು ಹೊರಗಿನಿಂದ ಅತಿಥಿಯನ್ನು ಕರೆದರೆ ಉತ್ತರ ಬಾರದಿರುವುದು ದೋಷವಲ್ಲ, ಅದರ ಸ್ವಭಾವ.

ಎಲ್ಲಿಂದ ಹುಡುಕಬೇಕು?

ದೀಪ ಹೋದರೆ ಮೊದಲು ಫ್ಯೂಸ್ ನೋಡುತ್ತೇವೆ, ಆಮೇಲೆ ಬಿಲ್ಡಿಂಗಿನ ಮೀಟರ್, ಕೊನೆಗೆ ಬೀದಿ. ಇಲ್ಲಿಯೂ ಅದೇ ಕ್ರಮ, ಹತ್ತಿರದಿಂದ ದೂರಕ್ಕೆ.

ಮೊದಲು ಯಂತ್ರದ ಸೆಟ್ಟಿಂಗಿನಲ್ಲಿ 'ಕೇಬಲ್ ಕನೆಕ್ಟೆಡ್' ಎಂಬಲ್ಲಿ ಗುರುತು ಇದೆಯೇ ನೋಡಿ. ಇದು ಕಣ್ಣಿಗೆ ಕಾಣದ ತಂತಿ. ಗುರುತು ಅಳಿಸಿದ್ದರೆ ತಂತಿ ಕಿತ್ತ ಹಾಗೆಯೇ.

ಎರಡನೆಯದು, ಅತಿಥಿಗೆ ಕಾರ್ಡಿನ ಪರಿಚಯವಿದೆಯೇ? ವರ್ಚುವಲ್‌ಬಾಕ್ಸ್ ಹಲವು ಬಗೆಯ ನೆಟ್‌ವರ್ಕ್ ಕಾರ್ಡುಗಳ ವೇಷ ಹಾಕಬಲ್ಲದು. ಎಕ್ಸ್‌ಪಿಗೆ 'ಪಿಸಿನೆಟ್ ಫಾಸ್ಟ್ 3' ಹುಟ್ಟಿನಿಂದಲೇ ಗೊತ್ತು. ಹೊಸ ಇಂಟೆಲ್ ಕಾರ್ಡು ಆರಿಸಿದ್ದರೆ ಚಾಲಕ ತಂತ್ರಾಂಶವಿಲ್ಲದೆ ಅದು ಕಣ್ಣು ಕಣ್ಣು ಬಿಡುತ್ತದೆ.

ಮೂರನೆಯದು ವಿಳಾಸ. ಅತಿಥಿಯಲ್ಲಿ 'ಐಪಿಕಾನ್ಫಿಗ್' ಎಂಬ ಆಜ್ಞೆ ಕೊಡಿ. ನ್ಯಾಟ್‌ನಲ್ಲಿ ಸಾಮಾನ್ಯವಾಗಿ 10.0.2.15 ಎಂದೂ, ಹೋಸ್ಟ್ ಓನ್ಲಿಯಲ್ಲಿ 192.168.56 ರಿಂದ ಆರಂಭವಾಗುವ ನಂಬರೂ ಬರಬೇಕು. 169.254 ರಿಂದ ಆರಂಭವಾದರೆ ವಿಳಾಸ ಕೊಡುವವರು ಯಾರೂ ಸಿಗದೆ ಯಂತ್ರ ತನಗೆ ತಾನೇ ನಂಬರು ಕೊಟ್ಟುಕೊಂಡಿದೆ ಎಂದರ್ಥ. ಆಗ ಮೊದಲೆರಡು ಹೆಜ್ಜೆಗಳಿಗೆ ಹಿಂದಿರುಗಿ.

ನಾಲ್ಕನೆಯದು, ನ್ಯಾಟ್‌ನಲ್ಲಿದ್ದರೆ 10.0.2.2ಕ್ಕೆ 'ಪಿಂಗ್' ಮಾಡಿ. ಅದು ಬಾಗಿಲು. ಅಲ್ಲಿಂದ ಉತ್ತರ ಬಂದು, ನಂಬರು ಕೊಟ್ಟರೆ ಹೊರಗೆ ತಲುಪಿ, ಹೆಸರು ಕೊಟ್ಟರೆ ಮಾತ್ರ ತಲುಪದಿದ್ದರೆ ದೋಷ ಡಿಎನ್‌ಎಸ್‌ನದು. ಟೆಲಿಫೋನ್ ಡೈರೆಕ್ಟರಿ ಕಳೆದುಹೋದಂತೆ. ನ್ಯಾಟ್‌ನಲ್ಲಿ ಹೊರಗಿನ ಪಿಂಗ್‌ಗೆ ಕೆಲವೊಮ್ಮೆ ಉತ್ತರ ಬರುವುದಿಲ್ಲ, ಅದೊಂದನ್ನೇ ನಂಬಿ ತೀರ್ಮಾನಿಸಬೇಡಿ.

ಬ್ರಿಜ್ಡ್ ಇಟ್ಟವರು ಇನ್ನೆರಡು ವಿಷಯ ನೋಡಬೇಕು. ಕಚೇರಿಯಲ್ಲಿ ತಂತಿಯ ಕಾರ್ಡಿಗೆ ಜೋಡಿಸಿದ್ದು ಮನೆಯಲ್ಲಿ ವೈಫೈಗೆ ಬಂದಾಗ ತಾನಾಗಿ ಬದಲಾಗದೆ ಇರಬಹುದು. ಮತ್ತು ಎಷ್ಟೋ ವೈಫೈ ಕಾರ್ಡುಗಳಿಗೆ ಬ್ರಿಜ್ಡ್ ಸರಿಹೋಗುವುದೇ ಇಲ್ಲ.

ಸಂಪರ್ಕವಿದ್ದೂ ಇಲ್ಲದಂತೆ

ಎಲ್ಲ ಸರಿಯಿದ್ದೂ ಎಕ್ಸ್‌ಪಿಯಲ್ಲಿ ವೆಬ್ ಪುಟಗಳು ತೆರೆಯದಿದ್ದರೆ ಗಾಬರಿ ಬೇಡ. ಇಂದಿನ ಭದ್ರತೆಯ ಭಾಷೆ ಅದರ ಹಳೆಯ ಬ್ರೌಸರಿಗೆ ತಿಳಿಯದು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದೇ ಬೆಂಬಲ ನಿಲ್ಲಿಸಿದೆ. ವೈರಸ್ಸಿನ ಎದುರು ಅದು ಬಾಗಿಲಿಲ್ಲದ ಮನೆ. ಆದ್ದರಿಂದ ಅದನ್ನು ಇಂಟರ್‌ನೆಟ್ಟಿಗೆ ಜೋಡಿಸಲೇಬೇಡಿ. ನಮಗೆ ಬೇಕಾದದ್ದು ಕಡತ ಒಳಹೋಗಿ ಹೊರಬರುವ ದಾರಿ ಮಾತ್ರ.

ಆ ದಾರಿಯಲ್ಲೂ ಒಂದು ಮುಳ್ಳಿದೆ. ವಿಂಡೋಸಿನ ಮಾಮೂಲಿ ಫೈಲ್ ಷೇರಿಂಗ್‌ನಲ್ಲಿ ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ. 2017ರ ಕೊನೆಯಿಂದ ಬಂದ ವಿಂಡೋಸ್ 10ರ ಆವೃತ್ತಿಗಳಲ್ಲಿ, ಸುರಕ್ಷತೆಯ ಕಾರಣಕ್ಕೆ, ಹೊಸದಾಗಿ ಸ್ಥಾಪಿಸುವಾಗ ಅದನ್ನು ಹಾಕುವುದೇ ಇಲ್ಲ. ಪಿಂಗ್ ಹೋಗುತ್ತದೆ, ಫೋಲ್ಡರ್ ಮಾತ್ರ ತೆರೆಯುವುದಿಲ್ಲ! ಅದನ್ನು ಮತ್ತೆ ಚಾಲೂ ಮಾಡುವ ಬದಲು ಅತಿಥಿಯಲ್ಲಿ 'ಗೆಸ್ಟ್ ಅಡಿಷನ್ಸ್' ಹಾಕಿ, ವರ್ಚುವಲ್‌ಬಾಕ್ಸಿನ 'ಷೇರ್ಡ್ ಫೋಲ್ಡರ್' ಬಳಸಿ. ಇದಕ್ಕೆ ನೆಟ್‌ವರ್ಕ್ ಕಾರ್ಡೇ ಬೇಡ. ಫೋಲ್ಡರ್ ಕಾಣದಿದ್ದರೆ ಗೆಸ್ಟ್ ಅಡಿಷನ್ಸ್ ಹಾಕಿದ ಮೇಲೆ ಅತಿಥಿಯನ್ನು ಮರುಚಾಲನೆ ಮಾಡಿದಿರಾ ಎಂದು ನೋಡಿ.

ಹಿರಿಯರನ್ನು ಪಕ್ಕದಲ್ಲಿ ಕೂರಿಸಿ

ಮೊಟ್ಟಮೊದಲು ಹಳೆಯ ಡಿಸ್ಕಿನ ಪೂರ್ತಿ ಪ್ರತಿಯೊಂದನ್ನು ತೆಗೆದಿಡಿ, ಮೂಲವನ್ನು ಮುಟ್ಟಬೇಡಿ. ಹಳೆಯ ತಂತ್ರಾಂಶದ ಅಸಲು ಸಿ.ಡಿ., ಲೈಸೆನ್ಸ್ ನಂಬರು ಎಲ್ಲಿದೆ ಎಂದು ಸಂಘದ ಹಿಂದಿನ ಕಾರ್ಯದರ್ಶಿಗಳನ್ನು ಕೇಳಿ. ಪುಟ ತೆರೆದುಕೊಂಡ ಕೂಡಲೇ ಪಿಡಿಎಫ್ ಮಾಡಿ, ಎರಡು ಬೇರೆ ಬೇರೆ ಕಡೆ ಇಡಿ.

ಆಮೇಲಿನ ಕೆಲಸ ನಿಮ್ಮೊಬ್ಬರಿಂದ ಆಗುವುದಿಲ್ಲ. ಒತ್ತಕ್ಷರ ತಪ್ಪಿದೆಯೇ, ಗುಂಪಿನ ಭಾವಚಿತ್ರದಲ್ಲಿ ಎಡದಿಂದ ಮೂರನೆಯವರು ಯಾರು, ರಾತ್ರಿ ಶಾಲೆಯಲ್ಲಿ ಕಲಿತು ಹೋಟೆಲ್ ಕೆಲಸದಿಂದ ಬ್ಯಾಂಕಿಗೆ ಸೇರಿದವರ ಹೆಸರೇನು, ಇದನ್ನೆಲ್ಲ ಹೇಳಬಲ್ಲವರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು. ನೀವು ಯಂತ್ರ ತೆರೆಯಿರಿ, ಅವರು ಓದಿ ಹೇಳಲಿ, ನೀವು ಬರೆದುಕೊಳ್ಳಿ. ಓದಲು ಬಾರದ ಅಕ್ಷರಗಳೂ ಈ ನೆಪದಲ್ಲಿ ಪರಿಚಯವಾಗುತ್ತವೆ. ಬರುವ ಭಾನುವಾರ ಮೆಗಾ ಬ್ಲಾಕ್ ಇದ್ದರೆ ಹೇಗೂ ಮನೆಯಲ್ಲೇ ಇರುತ್ತೀರಿ. ಅಟ್ಟ ಹತ್ತಿ, ಆ ಡಿಸ್ಕನ್ನು ಕೆಳಗಿಳಿಸಿ.