ಗಾಜುನಾರಿನ ಹಳೆಯ ದೋಣಿ: ಅಟ್ಟ ಮತ್ತು ಒಡಲಿನ ಜೀರ್ಣೋದ್ಧಾರ

ತುಂಗಭದ್ರೆಯ ಹರಿಗೋಲಿನಲ್ಲಿ ಭಾರವನ್ನು ಹೊರುವುದು ಬಿದಿರಿನ ಹೆಣಿಗೆ. ನೀರನ್ನು ತಡೆಯುವುದು ಅದರ ಮೇಲೆ ಬಿಗಿದ ತೊಗಲು. ತೊಗಲು ಹರಿದರೆ ಬೇರೊಂದನ್ನು ಹೊದಿಸಬಹುದು, ಹೆಣಿಗೆಗೆ ಬಾಧೆಯಿಲ್ಲ. ಮರದ ಹಡಗಿನಲ್ಲಿಯೂ ಹಾಗೆಯೇ, ಕೆಟ್ಟ ಹಲಗೆಯೊಂದನ್ನು ಕಿತ್ತು ಹೊಸದನ್ನು ಜೋಡಿಸುವುದು ಬಡಗಿಗೆ ಪರಿಚಿತವಾದ ಕೆಲಸ. ಗಾಜುನಾರಿನ, ಎಂದರೆ ಫೈಬರ್‌ಗ್ಲಾಸಿನ, ದೋಣಿಯಲ್ಲಿ ಈ ಭೇದವೇ ಇಲ್ಲ. ಅಲ್ಲಿ ಚರ್ಮವೇ ಅಸ್ಥಿ. ಮಲ್ಪೆ, ಮಂಗಳೂರುಗಳ ಬಂದರುಗಳಲ್ಲಿ ಇಂದು ಕಾಣುವ ಮೀನುಗಾರಿಕೆಯ ಸಣ್ಣ ದೋಣಿಗಳಲ್ಲಿ ಅನೇಕವು ಈ ಜಾತಿಯವೇ ಆಗಿರುವುದರಿಂದ, ಇದರ ದುರಸ್ತಿಯ ತತ್ತ್ವವು ನಮಗೆ ತೀರ ದೂರದ ವಿಷಯವೇನಲ್ಲ.

ಈ ವಸ್ತುವಿನಲ್ಲಿ ಎಳೆತವನ್ನು ತಾಳುವುದು ಗಾಜಿನ ನಾರು. ನಾರುಗಳನ್ನು ಒಂದಾಗಿ ಹಿಡಿದಿಡುವುದು ಪಾಲಿಯೆಸ್ಟರ್ ಎಂಬ ರಾಳ. ಒಮ್ಮೆ ಗಟ್ಟಿಯಾದ ಈ ರಾಳವನ್ನು ಮತ್ತೆ ಕರಗಿಸಿ ಎರಕ ಹೊಯ್ಯುವುದು ಸಾಧ್ಯವಿಲ್ಲ. ಮರದಂತೆ ಅದು ಮಣ್ಣಾಗುವುದೂ ಇಲ್ಲ. ಆದುದರಿಂದ ಹಳೆಯ ದೋಣಿಯ ಒಡೆಯನ ಮುಂದಿರುವ ಮಾರ್ಗಗಳು ಎರಡೇ: ಸರಿಪಡಿಸುವುದು, ಇಲ್ಲವೆ ಗರಗಸದಿಂದ ಕೊಯ್ದು ಹೂಳುವುದು. ಫ್ರಾನ್ಸ್ ದೇಶದಲ್ಲಿ ಆಯುಷ್ಯ ಮುಗಿದ ವಿಹಾರನೌಕೆಗಳ ವಿಲೇವಾರಿಗೆಂದೇ 2019ರಿಂದ ಪ್ರತ್ಯೇಕ ವ್ಯವಸ್ಥೆಯೊಂದು ನಡೆದಿದೆ ಎಂದರೆ ಸಮಸ್ಯೆಯ ಗಾತ್ರವನ್ನು ಊಹಿಸಬಹುದು.

ದೃಷ್ಟಾಂತಕ್ಕಾಗಿ ಅಮೆರಿಕದ ಟ್ರೈಟನ್ ಎಂಬ ಹಾಯಿದೋಣಿಯನ್ನು ತೆಗೆದುಕೊಳ್ಳೋಣ. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಕಾರ್ಲ್ ಆಲ್ಬರ್ಗ್ ಇದರ ವಿನ್ಯಾಸಕಾರ. ರೋಡ್ ಐಲೆಂಡಿನ ಬ್ರಿಸ್ಟಲ್ ಪಟ್ಟಣದ ಪಿಯರ್ಸನ್ ಸಂಸ್ಥೆ ಇದರ ನಿರ್ಮಾತೃ. 1959ರ ನ್ಯೂಯಾರ್ಕ್ ದೋಣಿಪ್ರದರ್ಶನದಲ್ಲಿ ಕಾಣಿಸಿಕೊಂಡ, ಸುಮಾರು 28 ಅಡಿ ಉದ್ದದ ಈ ದೋಣಿ 700ಕ್ಕೂ ಹೆಚ್ಚು ಸಂಖ್ಯೆಯಲ್ಲಿ ನಿರ್ಮಾಣವಾಯಿತು. ಆ ಕಾಲದವರಿಗೆ ಹೊಸ ವಸ್ತುವಿನ ಬಾಳಿಕೆಯ ಅನುಭವವಿರಲಿಲ್ಲ. ಅನುಮಾನವಿದ್ದ ಕಡೆಗಳಲ್ಲಿ ಒಂದು ಪದರವನ್ನು ಹೆಚ್ಚಾಗಿಯೇ ಹಾಕಿದರು. ಅಂಥ ಒಡಲುಗಳಲ್ಲಿ ಹಲವು ಇಂದಿಗೂ ಗಟ್ಟಿಯಾಗಿವೆ. ಕೆಟ್ಟಿರುವುದು ಬಹುಮಟ್ಟಿಗೆ ಅಟ್ಟ, ಎಂದರೆ ಡೆಕ್.

ಇದಕ್ಕೆ ಕಾರಣವನ್ನು ಅಟ್ಟದ ರಚನೆಯಲ್ಲಿಯೇ ಕಾಣಬೇಕು. ಹಲಗೆಯೊಂದರ ದಪ್ಪ ಇಮ್ಮಡಿಯಾದರೆ ಅದರ ಬಿಗುವು ಎಂಟು ಮಡಿಯಾಗುತ್ತದೆ. ಆದರೆ ಗಾಜುನಾರನ್ನೇ ಆ ದಪ್ಪಕ್ಕೆ ಹಾಕಿದರೆ ಮೇಲ್ಭಾರ ಹೆಚ್ಚುವುದು. ಆದ್ದರಿಂದ ಎರಡು ತೆಳುವಾದ ಗಾಜುನಾರಿನ ತೊಗಟೆಗಳ ನಡುವೆ ಬಾಲ್ಸಾ ಎಂಬ ಅತಿ ಹಗುರವಾದ ಮರದ ತುಂಡುಗಳನ್ನು, ಅವುಗಳ ಎಳೆ ಲಂಬವಾಗಿ ನಿಲ್ಲುವಂತೆ ಕೂಡಿಸಿ, ತಿರುಳನ್ನಾಗಿ ಮಾಡಿದರು. ತೊಗಟೆ, ತಿರುಳು, ತೊಗಟೆ ಮೂರೂ ಅಂಟಿಕೊಂಡಿರುವವರೆಗೆ ಮಾತ್ರ ಈ ಉಪಾಯಕ್ಕೆ ಬಲವಿದೆ. ಅಟ್ಟದ ಮೇಲಿನ ಲೋಹಸಾಧನಗಳಿಗಾಗಿ ಕೊರೆದ ಬೋಲ್ಟಿನ ರಂಧ್ರಗಳ ಮೂಲಕ ಹನಿಹನಿಯಾಗಿ ಇಳಿದ ನೀರು ದಶಕಗಳಲ್ಲಿ ತಿರುಳನ್ನು ಕೊಳೆಯಿಸುತ್ತದೆ. ಮರದ ತುಂಡುಗಳ ನಡುವಣ ಸಂದುಗಳು ಅದಕ್ಕೆ ಕಾಲುವೆಗಳಾಗುತ್ತವೆ. ಮೇಲುನೋಟಕ್ಕೆ ಬಣ್ಣ ಹಚ್ಚಿದ ಅಟ್ಟ ನೆಟ್ಟಗೇ ಇರುವುದು. ಕಾಲಿಟ್ಟಾಗ ಮಾತ್ರ ತಗ್ಗಿ ಏಳುತ್ತದೆ.

ಪರೀಕ್ಷೆಯ ವಿಧಾನ ಸರಳ. ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಗಟ್ಟಿಯಾದ ಕಡೆ ಖಣಿಲೆಂಬ ಸ್ವರ, ಕೊಳೆತ ಕಡೆ ಮಂಕು ಸದ್ದು. ಸಂಶಯ ಉಳಿದರೆ ಒಳಗಿನಿಂದ ಸಣ್ಣ ತೂತು ಕೊರೆದು ಹೊರಬಂದ ಪುಡಿಯನ್ನು ನೋಡತಕ್ಕದ್ದು: ಬಿಳುಪಾಗಿ ಒಣಗಿದ್ದರೆ ಕ್ಷೇಮ, ಕಂದಾಗಿ ಒದ್ದೆಯಾಗಿದ್ದರೆ ರೋಗ. ಕೊಳೆತ ಭಾಗದ ಎಲ್ಲೆ ಹೀಗೆ ಗುರುತಾದ ಮೇಲೆಯೇ ಗರಗಸವನ್ನು ಕೈಗೆತ್ತಿಕೊಳ್ಳಬೇಕು. ತೂತುಗಳ ಮೂಲಕ ರಾಳವನ್ನು ಒಳಕ್ಕೆ ಒತ್ತಿದರೆ ಸಾಕೆಂಬ ಸುಲಭಚಿಕಿತ್ಸೆಯೊಂದು ಬಳಕೆಯಲ್ಲಿದೆ. ಒದ್ದೆಮರಕ್ಕೆ ರಾಳ ಹಿಡಿಯುವುದಿಲ್ಲವಾದುದರಿಂದ ಅದನ್ನು ಚಿಕಿತ್ಸೆಯೆನ್ನುವುದಕ್ಕಿಂತ ಮುಂದೂಡಿಕೆಯೆನ್ನುವುದೇ ಯುಕ್ತ.

ಆದರೆ ಅಟ್ಟಕ್ಕೆ ಕೈಹಚ್ಚುವ ಮೊದಲು ಅದರ ಕೆಳಗಿನ ಆಧಾರಗಳನ್ನು ನೋಡಬೇಕು. ಟ್ರೈಟನ್ನಿನಲ್ಲಿ ಕೂವೆಕಂಬವು ಅಟ್ಟದ ಮೇಲೆಯೇ ನಿಂತಿದೆ. ಹಾಯಿಯನ್ನು ಬಿಗಿದಂತೆಲ್ಲ ಪಕ್ಕದ ತಂತಿಗಳು ಒಡಲನ್ನು ಮೇಲಕ್ಕೆಳೆಯುತ್ತವೆ, ಕಂಬವು ಅಟ್ಟವನ್ನು ಕೆಳಕ್ಕೊತ್ತುತ್ತದೆ. ಆ ಭಾರವು ಅಡ್ಡತೊಲೆಗೂ ಅಲ್ಲಿಂದ ಅಡ್ಡಗೋಡೆಗಳ ಮೂಲಕ ಒಡಲಿನ ತಳಕ್ಕೂ ಇಳಿಯಬೇಕು. ತೊಲೆ ಬಾಗಿದರೆ, ಅಥವಾ ಅಡ್ಡಗೋಡೆಯ ಬುಡ ಕೊಳೆತರೆ, ಅಟ್ಟ ಕುಸಿಯುತ್ತದೆ. ತಂತಿ ಎಷ್ಟು ಬಿಗಿದರೂ ಸಡಿಲ. ಕೋಣೆಯ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಿರುಗಾಳಿಯಲ್ಲಿ ಕಂಬವೇ ಉರುಳಬಹುದು. ಇದನ್ನು ಸರಿಪಡಿಸದೆ ಅಟ್ಟಕ್ಕೆ ಹೊಸ ತಿರುಳು ತುಂಬಿದರೆ ಕುಸಿದ ಆಕಾರವನ್ನೇ ಶಾಶ್ವತಗೊಳಿಸಿದಂತಾಗುವುದು. ಆದ್ದರಿಂದ ಕಂಬವನ್ನು ಇಳಿಸಿ, ಒಡಲನ್ನು ಆನಿಕೆಗಳ ಮೇಲೆ ಭದ್ರಪಡಿಸಿ, ಜಾಕಿನಿಂದ ಅಟ್ಟವನ್ನು ಮೆಲ್ಲನೆ ಮೊದಲಿನ ಮಟ್ಟಕ್ಕೆ ಎತ್ತಿ, ತೊಲೆಯನ್ನು ಬದಲಿಸುವುದು ಮೊದಲ ಕೆಲಸ. ಅಡ್ಡಗೋಡೆಯನ್ನು ಒಡಲಿಗೆ ಬೆಸೆಯುವ ಗಾಜುನಾರಿನ ಪಟ್ಟಿಗಳು ಬಿಟ್ಟುಕೊಂಡಿದ್ದರೆ ಅವನ್ನು ತೆಗೆದು ಮರಳಿ ಹಾಕಬೇಕು. ಹಲಗೆಯ ಅಂಚು ಒಡಲಿಗೆ ನೇರವಾಗಿ ತಾಗಕೂಡದು. ತಾಗಿದರೆ ಒತ್ತಡವೆಲ್ಲ ಆ ಗೆರೆಯಲ್ಲಿ ಶೇಖರವಾಗಿ ಒಡಲು ಬಿರಿಯುತ್ತದೆ.

ಹೊಸತು ಹಳತಕ್ಕೆ ಅಂಟುವುದೇ ಈ ವಿದ್ಯೆಯ ಮರ್ಮ. ಹಸಿಯಾಗಿರುವ ಪಾಲಿಯೆಸ್ಟರ್ ಪದರದ ಮೇಲೆ ಇನ್ನೊಂದನ್ನು ಹಾಕಿದರೆ ಎರಡೂ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಅರುವತ್ತು ವರ್ಷ ಹಳೆಯ ಪದರಕ್ಕೆ ಆ ಶಕ್ತಿ ಉಳಿದಿಲ್ಲ. ಒರಟಾಗಿಸಿದ ಮೈಯನ್ನು ಹೊಸ ರಾಳ ಕಚ್ಚಿ ಹಿಡಿಯಬೇಕಷ್ಟೆ. ಅದಕ್ಕಾಗಿಯೇ ದುರಸ್ತಿಯಲ್ಲಿ ಹೆಚ್ಚು ಬಲವಾಗಿ ಅಂಟುವ ಎಪಾಕ್ಸಿ ರಾಳಕ್ಕೆ ಮನ್ನಣೆ. ಹಳೆಯ ಮೈಯ ಜಿಡ್ಡನ್ನು ಮೊದಲು ದ್ರಾವಕದಿಂದ ಒರಸಿ, ಅನಂತರ ಉಜ್ಜಬೇಕು. ಕ್ರಮ ತಪ್ಪಿದರೆ ಜಿಡ್ಡು ಉಜ್ಜಿದ ಗೀರುಗಳೊಳಗೇ ಇಳಿಯುತ್ತದೆ. ಉಜ್ಜುವಾಗ ಏಳುವ ಗಾಜಿನ ಧೂಳು ಚರ್ಮಕ್ಕೆ ಕೇವಲ ತುರಿಕೆಯನ್ನು ತಂದರೂ ಶ್ವಾಸಕೋಶಕ್ಕೆ ಅಪಾಯಕಾರಿ. ಯೋಗ್ಯವಾದ ಮುಖವಾಡವಿಲ್ಲದೆ ಈ ಕೆಲಸ ಸಲ್ಲದು.

ಮೇಲಿನ ತೊಗಟೆಯನ್ನು ಕೊಯ್ದೆತ್ತಿ, ಕೊಳೆತ ತಿರುಳನ್ನು ಒಣಮರ ಸಿಗುವವರೆಗೆ ಕೆರೆದು, ದಿನಗಟ್ಟಲೆ ಆರಗೊಡಬೇಕು. ಹೊಸ ಬಾಲ್ಸಾವನ್ನು ಮಂದವಾಗಿಸಿದ ಎಪಾಕ್ಸಿಯಲ್ಲಿ ಕೂರಿಸಿ, ಗಾಳಿಯ ಗುಳ್ಳೆ ಉಳಿಯದಂತೆ ಮೇಲೆ ಭಾರವಿಟ್ಟು, ಗಟ್ಟಿಯಾದ ಬಳಿಕ ತೊಗಟೆಯನ್ನು ಮರಳಿ ಅಂಟಿಸತಕ್ಕದ್ದು. ಕೊಯ್ದ ಗೆರೆಯ ಇಕ್ಕೆಲಗಳನ್ನು ಇಳಿಜಾರಾಗಿ ಉಜ್ಜುವಾಗ, ದಪ್ಪದ ಹನ್ನೆರಡರಷ್ಟು ಅಗಲವಿರಬೇಕೆಂಬುದು ಸಾಮಾನ್ಯ ನಿಯಮ: 3 ಮಿಲಿಮೀಟರ್ ತೊಗಟೆಗೆ ಪ್ರತಿ ಬದಿಯಲ್ಲಿ 36 ಮಿಲಿಮೀಟರ್. ಆ ಇಳಿಜಾರಿನ ಮೇಲೆ ಹೊಸ ನಾರಿನ ಪದರಗಳು ಬರುತ್ತವೆ. ಗಟ್ಟಿಯಾಗುವಾಗ ಎಪಾಕ್ಸಿಯ ಮೇಲೆ ಮೇಣದಂಥ ತೆಳುಪೊರೆಯೊಂದು ಮೂಡಬಹುದು. ಬಣ್ಣಕ್ಕೆ ಮುನ್ನ ಅದನ್ನು ನೀರಿನಿಂದ ತೊಳೆದುಬಿಡಬೇಕು.

ಕೊನೆಯದಾಗಿ, ಕೇಡಿಗೆ ಮೂಲವಾದ ಆ ಬೋಲ್ಟಿನ ರಂಧ್ರಗಳು. ಪ್ರತಿಯೊಂದನ್ನೂ ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಸುತ್ತಲಿನ ತಿರುಳನ್ನು ಸ್ವಲ್ಪ ಹೆರೆದು, ಮಂದವಾದ ಎಪಾಕ್ಸಿಯನ್ನು ತುಂಬಿ, ಅದು ಕಲ್ಲಾದ ಮೇಲೆ ಅದರ ನಡುವೆಯೇ ಬೋಲ್ಟಿನ ಅಳತೆಗೆ ಮತ್ತೆ ತೂತು ಕೊರೆಯುತ್ತಾರೆ. ಮುಂದೆ ಮೇಲಿನ ಅಂಟು ಸೋತು ನೀರು ಇಳಿದರೂ ಅದು ಕೋಣೆಯೊಳಕ್ಕೆ ತೊಟ್ಟಿಕ್ಕಿ ಕಣ್ಣಿಗೆ ಬೀಳುತ್ತದೆ, ತಿರುಳನ್ನು ಮುಟ್ಟುವುದಿಲ್ಲ.