ಕೈತೋಟಕ್ಕೆ ಬೆಕ್ಕಿನ ಕಾಟ: ನಂಬಿಕೆ ಎಷ್ಟು, ನಿಜ ಎಷ್ಟು?

ದಾವಣಗೆರೆಯ ವಿದ್ಯಾನಗರ, ನಿಟುವಳ್ಳಿ, ಸರಸ್ವತಿ ನಗರದ ಕಡೆ ಇರಲಿ, ಹರಿಹರದ ಹೊಳೆದಂಡೆಯ ಓಣಿಗಳಿರಲಿ, ಮನೆ ಮುಂದೆ ನಾಲ್ಕಡಿ ಮಣ್ಣು ಸಿಕ್ಕರೆ ಸಾಕು, ಒಂದು ಕರಿಬೇವು, ಒಂದು ದಾಸವಾಳ, ಒಂದು ಮಡಿ ಮೆಂತ್ಯ ಇದ್ದೇ ಇರುತ್ತದೆ. ಬೆಳಗ್ಗೆ ನೀರು ಹಾಕಲು ಹೋದಾಗ ಮೊಳಕೆ ಕಿತ್ತು, ಮಣ್ಣು ಕೆದರಿ, ಬೆಕ್ಕು ಹೊಲಸು ಮಾಡಿ ಹೋಗಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ಹೂಡುವ ಉಪಾಯಗಳಲ್ಲಿ ಹಲವು ವ್ಯರ್ಥ. ಕೆಲವಂತೂ ಮನೆಮಕ್ಕಳಿಗೇ ಅಪಾಯ.

ತಪ್ಪು ಕಲ್ಪನೆ 1: ಬೆಕ್ಕು ಹಟಕ್ಕೆ ಬಿದ್ದು ನಮ್ಮ ತೋಟಕ್ಕೇ ಬರುತ್ತದೆ.

ವಾಸ್ತವ: ಗುಂಡಿ ತೋಡಿ, ಮಲ ಬಿಟ್ಟು, ಮಣ್ಣು ಮುಚ್ಚುವುದು ಬೆಕ್ಕಿನ ಹುಟ್ಟುಗುಣ. ಅದಕ್ಕೆ ಬೇಕಾದದ್ದು ಮೇಲೆ ಒಣಗಿದ, ಪಂಜಕ್ಕೆ ಸುಲಭವಾಗಿ ಸಿಗುವ ಸಡಿಲ ಮಣ್ಣು. ಬೇಸಿಗೆಯಲ್ಲಿ ಸುತ್ತಲಿನ ಖಾಲಿ ನಿವೇಶನಗಳ ಎರೆಮಣ್ಣು ಬಿರಿದು ಕಲ್ಲಿನಂತಾಗಿರುತ್ತದೆ. ಬೀಜ ಬಿತ್ತಲೆಂದು ನಾವು ಅಗೆದು, ಹೆಂಟೆ ಒಡೆದು, ಗೊಬ್ಬರ ಬೆರೆಸಿ ಹದ ಮಾಡಿದ ಮಡಿ ಆಗ ಅದಕ್ಕೆ ಹೇಳಿ ಮಾಡಿಸಿದ ಜಾಗ. ತುಳಸಿ ಕಟ್ಟೆಯ ಮಣ್ಣೂ ಅಷ್ಟೇ. ಒಮ್ಮೆ ಹೋದ ಜಾಗದ ವಾಸನೆ ಮತ್ತೆ ಕರೆಯುತ್ತದೆ. ಹಾಗಾಗಿ ಮೊದಲು ಬದಲಾಗಬೇಕಾದದ್ದು ಮಣ್ಣಿನ ಮೇಲ್ಪದರ.

ತಪ್ಪು ಕಲ್ಪನೆ 2: ಬಣ್ಣದ ನೀರಿನ ಬಾಟಲಿ ಕಟ್ಟಿದರೆ ಬೆಕ್ಕು ಹೆದರುತ್ತದೆ.

ವಾಸ್ತವ: ನಾಯಿಗೆಂದು ಗೇಟಿಗೆ ಕಟ್ಟುತ್ತಿದ್ದ ಕೆಂಪು, ನೀಲಿ ನೀರಿನ ಬಾಟಲಿಗಳನ್ನು ಈಗ ಬೆಕ್ಕಿಗೂ ಕಟ್ಟುತ್ತಾರೆ. ಬೆಕ್ಕಿನ ಕಣ್ಣು ನೀಲಿಯನ್ನು ಗುರುತಿಸುತ್ತದೆ, ಕೆಂಪು ಅದಕ್ಕೆ ಮಂಕಾಗಿ ಕಾಣುತ್ತದೆ. ಎರಡಕ್ಕೂ ಹೆದರಲು ಕಾರಣವಿಲ್ಲ. ಹೊಸ ವಸ್ತು ಕಂಡು ಒಂದೆರಡು ದಿನ ದೂರ ಸರಿಯಬಹುದು, ಅಷ್ಟೇ. ಅದರ ಓಡಾಟ ಹೆಚ್ಚಾಗಿ ಮುಸ್ಸಂಜೆಯಿಂದ ನಸುಕಿನವರೆಗೆ. ಆ ಕತ್ತಲಲ್ಲಿ ಬಾಟಲಿಯ ಬಣ್ಣ ಯಾವ ಕೆಲಸಕ್ಕೂ ಬರುವುದಿಲ್ಲ.

ತಪ್ಪು ಕಲ್ಪನೆ 3: ಭತ್ತದ ಹೊಟ್ಟು, ಬೂದಿ ಹರಡಿದರೆ ಬೆಕ್ಕು ಕಾಲಿಡುವುದಿಲ್ಲ.

ವಾಸ್ತವ: ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಹೊಟ್ಟಿಗೂ ಬೂದಿಗೂ ಬರವಿಲ್ಲ. ತೇವ ಹಿಡಿದಿಡಲು ಹೊಟ್ಟು ಒಳ್ಳೆಯದೇ. ಆದರೆ ಅದು ಹಗುರ, ಒಣ, ತೋಡಲು ಸುಲಭ. ಬೆಕ್ಕು ಹುಡುಕುವ ಗುಣಗಳೆಲ್ಲ ಅದರಲ್ಲಿವೆ. ಬರೀ ಹೊಟ್ಟು ಹರಡಿದರೆ ಬೆಕ್ಕನ್ನು ಕರೆದಂತೆಯೇ.

ಹೊಟ್ಟಿನ ಕೆಳಗೆ ಕೋಳಿ ಜಾಲರಿ ಹಾಸಿ. ಮಡಿಯ ಅಳತೆಗೆ ಕತ್ತರಿಸಿ, ಸಸಿ ಬರುವ ಕಡೆ ಕಿಂಡಿ ಬಿಟ್ಟು, ಕತ್ತರಿಸಿದ ತುದಿಗಳನ್ನು ಕಾಲಿಗೆ ಚುಚ್ಚದಂತೆ ಕೆಳಕ್ಕೆ ಮಡಚಿ, ಮೇಲೆ ಒಂದಂಗುಲ ಮಣ್ಣು ಎಳೆಯಿರಿ. ಪಂಜ ಎರಡು ಬಾರಿ ತಂತಿಗೆ ತಾಗಿದರೆ ಬೆಕ್ಕು ಬೇರೆ ಜಾಗ ನೋಡಿಕೊಳ್ಳುತ್ತದೆ. ಬೀಜ ಬಿತ್ತಿದ ಮಡಿಗೆ ತೊಗರಿ ಕಟ್ಟಿಗೆಯನ್ನೋ ಹತ್ತಿ ಕಟ್ಟಿಗೆಯನ್ನೋ ಅರ್ಧ ಗೇಣಿಗೊಂದರಂತೆ ನೆಟ್ಟರೆ ತಿರುಗಿ ಕೂರಲು ಜಾಗವೇ ಸಿಗುವುದಿಲ್ಲ. ತುಳಸಿ ಕಟ್ಟೆಗೆ ಮುಷ್ಟಿ ಗಾತ್ರದ ಹೊಳೆಗಲ್ಲು ಜೋಡಿಸಿ. ಸಂದಿಯಲ್ಲಿ ನೀರು ಇಳಿಯುತ್ತದೆ, ಪಂಜ ಇಳಿಯುವುದಿಲ್ಲ. ನೀರನ್ನು ಸಂಜೆ ಹಾಕಿ. ಹಸಿ ಮಣ್ಣೆಂದರೆ ಬೆಕ್ಕಿಗೆ ಆಗದು.

ತಪ್ಪು ಕಲ್ಪನೆ 4: ಡಾಂಬರು ಗುಳಿಗೆ, ಫಿನಾಯಿಲ್, ಖಾರದ ಪುಡಿ ಸುರಕ್ಷಿತ ಮನೆಮದ್ದು.

ವಾಸ್ತವ: ಡಾಂಬರು ಗುಳಿಗೆ ಎಂದರೆ ನ್ಯಾಫ್ತಲೀನ್. ಪೆಪ್ಪರಮೆಂಟು ಎಂದುಕೊಂಡು ಮಗು ಬಾಯಿಗೆ ಹಾಕಿಕೊಂಡರೆ ಅದು ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಜಿ6ಪಿಡಿ ಕಿಣ್ವದ ಕೊರತೆಯಿರುವ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು. ಫಿನಾಯಿಲ್‌ನಂಥ ದ್ರಾವಣಗಳಲ್ಲಿರುವ ಫೀನಾಲ್ ಅಂಶವನ್ನು ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಕಾಲಿಗೆ ಅಂಟಿದ್ದನ್ನು ನೆಕ್ಕಿದರೂ ಅದಕ್ಕೆ ವಿಷವೇ. ಖಾರದ ಪುಡಿ ಒಂದು ಸಲ ನೀರು ಹಾಕಿದರೆ ತೊಳೆದುಹೋಗುತ್ತದೆ. ಅಷ್ಟರೊಳಗೆ ಬೆಕ್ಕಿನ ಕಣ್ಣು ಉರಿಸಿ, ಮಣ್ಣಾಡುವ ಮಗುವಿನ ಕಣ್ಣನ್ನೂ ಉರಿಸಬಹುದು.

ತಪ್ಪು ಕಲ್ಪನೆ 5: ಬೀದಿ ಬೆಕ್ಕಿಗೆ ಹೇಳುವವರು ಕೇಳುವವರಿಲ್ಲ, ವಿಷ ಇಟ್ಟರೂ ನಡೆಯುತ್ತದೆ.

ವಾಸ್ತವ: ಪ್ರಾಣಿಹಿಂಸೆ ತಡೆ ಕಾಯ್ದೆ 1960ರಿಂದಲೇ ಇದೆ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಊನಗೊಳಿಸಿದರೆ ಐದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ರೈತರ ಬಾಯಲ್ಲಿ ತಿಮೆಟ್ ಎಂದೇ ಹೆಸರಾದ ಫೋರೇಟ್ ಹರಳಿನ ಬಳಕೆಯನ್ನು 2020ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧಿಸಲಾಗಿದೆ. ಇಟ್ಟ ವಿಷಕ್ಕೆ ಬೆಕ್ಕು ಯಾವುದು, ಪಕ್ಕದ ಮನೆಯ ನಾಯಿ ಯಾವುದು, ಅಂಗಳದಲ್ಲಿ ಆಡುವ ಕೂಸು ಯಾವುದು ಎಂಬ ಭೇದ ಗೊತ್ತಿಲ್ಲ.

ತಪ್ಪು ಕಲ್ಪನೆ 6: ಚೀಲದಲ್ಲಿ ಹಾಕಿ ಹೊಳೆ ಆಚೆ ಬಿಟ್ಟುಬಂದರೆ ಕಾಟ ತೀರಿತು.

ವಾಸ್ತವ: ಬೆಕ್ಕು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂಬ ಮಾತಿಗೆ ಅಂಜುವವರು ಆರಿಸಿಕೊಳ್ಳುವ ದಾರಿ ಇದು. ಹರಿಹರದ ಸೇತುವೆ ದಾಟಿ ಕುಮಾರಪಟ್ಟಣದ ಕಡೆ ಬಿಟ್ಟ ಬೆಕ್ಕಿಗೆ ಅಲ್ಲಿ ಊಟದ ಜಾಗ ಗೊತ್ತಿಲ್ಲ. ಅಲ್ಲಿನ ಬೆಕ್ಕುಗಳು ಅದನ್ನು ಹತ್ತಿರ ಸೇರಿಸುವುದಿಲ್ಲ. ಇತ್ತ ಇಲಿ, ಮೀನಿನ ತ್ಯಾಜ್ಯ, ತೆರೆದ ಕಸ ಇರುವ ನಿಮ್ಮ ಓಣಿಗೆ ಇನ್ನೊಂದು ಬೆಕ್ಕು ಬಂದೇ ಬರುತ್ತದೆ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗಬ್ಬವಾಗಬಲ್ಲದು, ಎರಡು ತಿಂಗಳಿಗೆ ಮರಿ ಹಾಕುತ್ತದೆ. ಓಣಿಯವರು ಸೇರಿ ಖರ್ಚು ಹಂಚಿಕೊಂಡು ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದೇ ಬಾಳುವ ಪರಿಹಾರ. ಗಂಡು ಬೆಕ್ಕು ಗೋಡೆಗೆ ಮೂತ್ರ ಚಿಮ್ಮಿಸುವುದೂ ಇದರಿಂದ ಬಹುಮಟ್ಟಿಗೆ ನಿಲ್ಲುತ್ತದೆ. ಹಿಡಿಯುವಾಗ ಪರಚಿದರೆ ಅಥವಾ ಕಚ್ಚಿದರೆ ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ದಾವಣಗೆರೆಯವರು ಚಿಗಟೇರಿ ಜಿಲ್ಲಾಸ್ಪತ್ರೆಗೆ, ಹರಿಹರದವರು ತಾಲ್ಲೂಕು ಆಸ್ಪತ್ರೆಗೆ ಅಂದೇ ಹೋಗಿ. ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ.

ತಪ್ಪು ಕಲ್ಪನೆ 7: ಸಗಣಿಯಂತೆ ಬೆಕ್ಕಿನ ಮಲವೂ ಗೊಬ್ಬರ, ಮಣ್ಣಲ್ಲೇ ಬಿಡಿ.

ವಾಸ್ತವ: ದನ ತಿನ್ನುವುದು ಹುಲ್ಲು, ಬೆಕ್ಕು ತಿನ್ನುವುದು ಮಾಂಸ. ಅದರ ಮಲದಲ್ಲಿ ಹುಳುವಿನ ಮೊಟ್ಟೆಗಳೂ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯೂ ಇರಬಹುದು. ಈ ಪರೋಪಜೀವಿ ಮಣ್ಣಿನಲ್ಲಿ ವರ್ಷಕ್ಕೂ ಹೆಚ್ಚು ಕಾಲ ಉಳಿಯಬಲ್ಲದು. ಸೊಪ್ಪು ತರಕಾರಿಯ ಗೊಬ್ಬರದ ಗುಂಡಿಗೆ ಬೆಕ್ಕಿನ ಮಲ ಸಲ್ಲದು.

ತಪ್ಪು ಕಲ್ಪನೆ 8: ಮನೆಯಲ್ಲಿ ಬಸುರಿ ಇದ್ದರೆ ಬೆಕ್ಕಿನ ಸುಳಿವೇ ಕೂಡದು.

ವಾಸ್ತವ: ಟಾಕ್ಸೊಪ್ಲಾಸ್ಮಾ ಗರ್ಭದ ಮಗುವಿಗೆ ಹಾನಿ ಮಾಡಬಲ್ಲದು ಎಂಬುದು ನಿಜ. ಆದರೆ ಬೆಕ್ಕು ಅದನ್ನು ಹೊರಹಾಕುವುದು ಸಾಮಾನ್ಯವಾಗಿ ಮೊದಲ ಸೋಂಕಿನ ನಂತರದ ಒಂದರಿಂದ ಮೂರು ವಾರ ಮಾತ್ರ. ಹೊರಬಿದ್ದ ಮೇಲೂ ಅದು ಸೋಂಕು ತಗುಲಿಸುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಆದ್ದರಿಂದ ಮಲವನ್ನು ದಿನದಿನವೂ ತೆಗೆದುಹಾಕುವುದೇ ದೊಡ್ಡ ರಕ್ಷಣೆ. ಆ ಕೆಲಸವನ್ನು ಮನೆಯ ಬೇರೆಯವರು ಮಾಡಲಿ. ಬಸುರಿಯರು ಕೈಗವಸಿಲ್ಲದೆ ಮಣ್ಣು ಮುಟ್ಟದಿರಲಿ, ಸೊಪ್ಪನ್ನು ಚೆನ್ನಾಗಿ ತೊಳೆಯಲಿ, ಮಾಂಸವನ್ನು ಪೂರ್ತಿ ಬೇಯಿಸಿ ತಿನ್ನಲಿ.

ತಪ್ಪು ಕಲ್ಪನೆ 9: ಅನ್ನ ಹಾಕುವವರೇ ಇದಕ್ಕೆಲ್ಲ ಕಾರಣ.

ವಾಸ್ತವ: ಎಲ್ಲೆಂದರಲ್ಲಿ ಹಾಕಿ ಹೋಗುವುದು ತಪ್ಪು. ಆದರೆ ಬೆಕ್ಕು ತಾನು ಉಣ್ಣುವ ಜಾಗದಲ್ಲಿ ಹೊಲಸು ಮಾಡುವುದಿಲ್ಲ. ಊಟಕ್ಕೆ ಒಂದು ಜಾಗ, ಒಂದು ಹೊತ್ತು ಗೊತ್ತುಮಾಡಿ. ಅಲ್ಲಿಂದ ದೂರ, ಮಳೆ ಬೀಳದ ಮೂಲೆಯಲ್ಲಿ ಎರಡಡಿ ಅಗಲದ ಮರಳಿನ ಗುಂಡಿ ಮಾಡಿ, ದಿನವೂ ಸ್ವಚ್ಛಗೊಳಿಸಿ. ಮಡಿಯಲ್ಲಿ ಜಾಲರಿ, ಮೂಲೆಯಲ್ಲಿ ಮರಳು ಇದ್ದರೆ ಬೆಕ್ಕು ಮರಳನ್ನೇ ಆರಿಸಿಕೊಳ್ಳುತ್ತದೆ. ಮನೆ ಕಟ್ಟುತ್ತಿರುವವರು ಮರಳಿನ ರಾಶಿಗೆ ತಾಡಪಾಲು ಹೊದಿಸಲಿ.

ಭತ್ತ, ಅಕ್ಕಿ, ಮಂಡಕ್ಕಿಯ ನಮ್ಮ ಊರುಗಳಲ್ಲಿ ಇಲಿ ಹಿಡಿಯುವ ಬೆಕ್ಕು ಬೇಕೇ ಬೇಕು. ಈ ವಾರ ಒಂದು ಮಡಿಗೆ ಜಾಲರಿ ಹಾಸಿ, ಒಂದು ಮೂಲೆಗೆ ಮರಳು ಸುರಿಯಿರಿ. ಬೆಕ್ಕಿಗೆ ಅನ್ನ ಹಾಕುವ ಪಕ್ಕದ ಮನೆಯವರೊಂದಿಗೆ ಜಗಳ ಬಿಟ್ಟು ಕೂತು ಮಾತಾಡಿ. ನಿಮ್ಮ ಮೆಂತ್ಯವೂ ಉಳಿಯುತ್ತದೆ, ಬೆಕ್ಕೂ ಬದುಕುತ್ತದೆ.