ಇನ್ವರ್ಟರು ಬ್ಯಾಟರಿಯಿಂದ ಎಳೆಯುವ ಕರೆಂಟನ್ನು ಅಳೆಯುವುದು ಹೇಗೆ?

ತೋಟದ ಮನೆ, ದನದ ಕೊಟ್ಟಿಗೆ, ಕೋಳಿಮರಿ ಸಾಕುವ ಕೊಠಡಿ, ಹೀಗೆ ಎಲ್ಲೆಡೆಯೂ ಈಗ ಇನ್ವರ್ಟರು ಬಂದಿದೆ. ರೈತರು ಸಾವಿರಾರು ರೂಪಾಯಿ ತೆತ್ತು ಬ್ಯಾಟರಿ ತರುತ್ತಾರೆ. ಕೆಲವು ಕಾಲದಲ್ಲೇ "ಬ್ಯಾಟರಿ ನಿಲ್ಲುತ್ತಿಲ್ಲ" ಎಂಬ ದೂರು ಕೇಳಿಬರುತ್ತದೆ. ಅನೇಕ ವೇಳೆ ತಪ್ಪು ಬ್ಯಾಟರಿಯದ್ದಲ್ಲ. ಒಂದು ದೀಪವೂ ಉರಿಯದಿರುವಾಗಲೂ, ಸ್ವಿಚ್ಚು ಹಾಕಿಟ್ಟ ಇನ್ವರ್ಟರು ತನ್ನ ಪಾಲಿನ ಕರೆಂಟನ್ನು ಎಳೆಯುತ್ತಲೇ ಇರುತ್ತದೆ. ಇದು ಎಷ್ಟೆಂಬುದನ್ನು ಸಾಧಾರಣ ಮಲ್ಟಿಮೀಟರಿನಿಂದ ಮನೆಯಲ್ಲಿಯೇ ತಿಳಿಯಬಹುದು. ಆದರೆ ಅಳೆಯಲು ಹೋಗಿ ಮೀಟರನ್ನೇ ಸುಟ್ಟುಕೊಂಡವರೂ ಉಂಟು. ಆದುದರಿಂದ ಮೊದಲು ಲೆಕ್ಕ, ಆಮೇಲೆ ಅಳತೆ.

75 ವಾಟಿನ ಎರಡು ಫ್ಯಾನು ಹಾಗೂ 9 ವಾಟಿನ ಐದು ಎಲ್.ಇ.ಡಿ. ದೀಪಗಳು ನಡೆಯುತ್ತಿವೆ ಎಂದಿಟ್ಟುಕೊಳ್ಳಿ. ಒಟ್ಟು ಸುಮಾರು 200 ವಾಟ್. 230 ವೋಲ್ಟಿನ ಕಡೆ ಇದು ಒಂದು ಆಂಪಿಯರಿಗಿಂತಲೂ ಕಡಿಮೆ. ಆದರೆ ಬ್ಯಾಟರಿಯ ಕಡೆ ಇರುವುದು ಕೇವಲ 12 ವೋಲ್ಟ್. ಅಷ್ಟೇ ವಾಟನ್ನು ಅಲ್ಲಿಂದ ಪಡೆಯಲು ಸುಮಾರು 17 ಆಂಪಿಯರ್ ಬೇಕು. ಇನ್ವರ್ಟರಿನಲ್ಲಿ ಬಿಸಿಯಾಗಿ ನಷ್ಟವಾಗುವ ನೂರಕ್ಕೆ ಹದಿನೈದರಷ್ಟನ್ನು ಸೇರಿಸಿದರೆ ಹತ್ತಿರ ಹತ್ತಿರ 20 ಆಂಪಿಯರ್ ಆಯಿತು. ಕೈಯಲ್ಲಿ ಹಿಡಿಯುವ ಮಲ್ಟಿಮೀಟರು ಸಾಮಾನ್ಯವಾಗಿ ತಡೆಯುವುದು 10 ಆಂಪಿಯರನ್ನು, ಅದೂ ಕೆಲವೇ ಸೆಕೆಂಡುಗಳ ಕಾಲ. ಅಗ್ಗದ ಅನೇಕ ಮೀಟರುಗಳ 10 ಆಂಪಿಯರ್ ಸಾಕೆಟ್ಟಿಗೆ ಫ್ಯೂಸೇ ಇರುವುದಿಲ್ಲ. ಆದ್ದರಿಂದ ಫ್ಯಾನು, ದೀಪ ಹಾಕಿಕೊಂಡು ಮಲ್ಟಿಮೀಟರನ್ನು ಬ್ಯಾಟರಿ ದಾರಿಯಲ್ಲಿ ಸೇರಿಸತಕ್ಕದ್ದಲ್ಲ. ಅದರಿಂದ ಅಳೆಯಬಹುದಾದುದು ಖಾಲಿ ಇನ್ವರ್ಟರಿನ ಕರೆಂಟನ್ನು ಮಾತ್ರ.

ಇದರಲ್ಲಿಯೂ ಒಂದು ತೊಡಕಿದೆ. ಬ್ಯಾಟರಿ ಜೋಡಿಸಿದ ಕ್ಷಣದಲ್ಲಿ ಇನ್ವರ್ಟರಿನೊಳಗಿನ ಕೆಪಾಸಿಟರುಗಳು ಒಮ್ಮೆಲೇ ತುಂಬಿಕೊಳ್ಳುವುದರಿಂದ ದೊಡ್ಡ ಕರೆಂಟು ನುಗ್ಗುತ್ತದೆ. ಆಗ ಕಾಣುವ ಕಿಡಿ ಇದರದೇ. ಆ ನುಗ್ಗಾಟ ಮೀಟರಿನ ಮೂಲಕ ಹೋದರೆ ಫ್ಯೂಸು ಹೋಯಿತೆಂದೇ ತಿಳಿಯಿರಿ. ಅದನ್ನು ತಪ್ಪಿಸಲು ಪಕ್ಕದಾರಿಯ ತಂತಿ ಬೇಕು.

ಕೆಲಸ ಮಾಡುವ ಜಾಗದಲ್ಲಿ ಗಾಳಿ ಚೆನ್ನಾಗಿ ಆಡುತ್ತಿರಲಿ. ಬ್ಯಾಟರಿಯಿಂದ ಹೊರಡುವ ಜಲಜನಕ ಕಿಡಿಗೆ ಹತ್ತಿಕೊಳ್ಳುವ ಅನಿಲ. ಕೈಯ ಉಂಗುರ, ಗಡಿಯಾರ ತೆಗೆದಿಡಿ. ಇನ್ವರ್ಟರಿನ ಮೇನ್ಸ್ ಪ್ಲಗ್ಗನ್ನು ಕಿತ್ತು (ಇಲ್ಲದಿದ್ದರೆ ನೀವು ಅಳೆಯುವುದು ಚಾರ್ಜಿನ ಕರೆಂಟನ್ನು), ಅದರ ಸ್ವಿಚ್ಚು ಆರಿಸಿ, ಅದಕ್ಕೆ ಸೇರಿದ ದೀಪ ಫ್ಯಾನುಗಳೆಲ್ಲವನ್ನೂ ಬಂದ್ ಮಾಡಿ. ಬ್ಯಾಟರಿಯ ಮೈನಸ್ ತುದಿಯಿಂದ ಕೇಬಲ್ಲನ್ನು ಬಿಚ್ಚಿ, ಆ ಕೇಬಲ್ಲಿಗೂ ಮೈನಸ್ ತುದಿಗೂ ನಡುವೆ ಒಂದು ದಪ್ಪ ತಂತಿಯನ್ನು ಕ್ಲಿಪ್ಪಿನಿಂದ ಸಿಕ್ಕಿಸಿ. ಇದೇ ಪಕ್ಕದಾರಿ. ಕಿಡಿ ಹಾರುವುದಿದ್ದರೆ ಇಲ್ಲಿಯೇ ಹಾರಿ ಮುಗಿಯುತ್ತದೆ. ಈಗ ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ಸಾಕೆಟ್ಟಿಗೆ ಚುಚ್ಚಿ, ಗುಂಡಿಯನ್ನು ಡಿ.ಸಿ. 10 ಆಂಪಿಯರಿಗೆ ತಿರುಗಿಸಿ. ಕೆಂಪು ತುದಿಯನ್ನು ಬಿಚ್ಚಿದ ಕೇಬಲ್ಲಿಗೂ ಕಪ್ಪು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಕ್ಲಿಪ್ಪಿನಿಂದ ಹಿಡಿಸಿ. ಇನ್ವರ್ಟರಿನ ಸ್ವಿಚ್ಚು ಹಾಕಿ, ಒಂದು ನಿಮಿಷ ಬಿಟ್ಟು, ಪಕ್ಕದಾರಿಯ ತಂತಿಯನ್ನು ತೆಗೆಯಿರಿ. ಕರೆಂಟೆಲ್ಲವೂ ಈಗ ಮೀಟರಿನ ಮೂಲಕ ಹರಿಯುತ್ತದೆ. ಅಂಕಿಯನ್ನು ಬರೆದುಕೊಂಡು, ತಂತಿಯನ್ನು ಮತ್ತೆ ಸಿಕ್ಕಿಸಿದ ಮೇಲೆಯೇ ಇನ್ವರ್ಟರನ್ನು ಆರಿಸಿ.

ಮೀಟರು 1 ಆಂಪಿಯರ್ ತೋರಿಸಿತೆನ್ನಿ. ನೋಡಲು ಅಲ್ಪ. ಆದರೆ ದಿನಕ್ಕೆ 24 ಆಂಪಿಯರ್-ಅವರ್ ಸುಮ್ಮನೆ ಸೋರಿತು. 150 ಆಂಪಿಯರ್-ಅವರ್ ಬ್ಯಾಟರಿಯಾದರೆ ಮೂರು ದಿನಕ್ಕೆ ಅರ್ಧ ಖಾಲಿ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂತು, ಮತ್ತೆ ಪೂರ್ತಿ ಚಾರ್ಜು ಹಿಡಿಯದು. ಮೇನ್ಸ್ ಇರುವಾಗ ಈ ಸೋರಿಕೆ ಗೊತ್ತಾಗುವುದಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟು ನಾಲ್ಕು ದಿನ ಊರು ಕತ್ತಲಾದಾಗ, ಇಲ್ಲವೆ ಮನೆಯ ಮೇನ್ ಸ್ವಿಚ್ಚನ್ನು ಮಾತ್ರ ಆರಿಸಿ, ಇನ್ವರ್ಟರನ್ನು ಮರೆತು ಜಾತ್ರೆಗೆ ಹೋದಾಗ ಬ್ಯಾಟರಿ ಸಾಯುತ್ತದೆ. ಸೌರಫಲಕದಿಂದ ಬ್ಯಾಟರಿ ತುಂಬಿಸುವವರಿಗೆ ನಷ್ಟ ಇನ್ನೂ ಸ್ಪಷ್ಟ. 100 ವಾಟಿನ ಫಲಕ ಪ್ರಖರ ಬಿಸಿಲಿನಲ್ಲಿ ಕೊಡುವುದೇ ಐದೂವರೆ ಆಂಪಿಯರಿನಷ್ಟು. ನಾಲ್ಕು ತಾಸಿನ ಒಳ್ಳೆಯ ಬಿಸಿಲು ಈ ಖಾಲಿ ಓಟಕ್ಕೇ ಹೋಗುತ್ತದೆ. ಇಂಥವರು ಒಂದೆರಡು ದೀಪಗಳಿಗಾಗಿ ಇನ್ವರ್ಟರನ್ನು ಇಡೀ ರಾತ್ರಿ ಓಡಿಸುವ ಬದಲು 12 ವೋಲ್ಟಿನ ಡಿ.ಸಿ. ದೀಪವನ್ನೇ, ಫ್ಯೂಸು ಹಾಕಿ, ಬ್ಯಾಟರಿಗೆ ಜೋಡಿಸಿಕೊಳ್ಳುವುದು ಲೇಸು.

ಅಳತೆ ಮುಗಿದ ಕೂಡಲೇ ಕೆಂಪು ವೈರನ್ನು ವೋಲ್ಟ್ ಸಾಕೆಟ್ಟಿಗೆ ಮರಳಿಸಿ. ಅದನ್ನು ಆಂಪಿಯರ್ ಸಾಕೆಟ್ಟಿನಲ್ಲೇ ಮರೆತು, ವೋಲ್ಟ್ ನೋಡಲೆಂದು ಬ್ಯಾಟರಿಯ ಎರಡು ತುದಿಗೂ ಮುಟ್ಟಿಸಿದರೆ ಅದು ನೇರ ಷಾರ್ಟ್. ವೈರು ಕರಗಿ ಕೈ ಸುಡುತ್ತದೆ.

ಲೋಡಿನ ಕರೆಂಟನ್ನು ನೋಡಬೇಕಾದವರಿಗೆ ಎರಡು ಮಾರ್ಗಗಳಿವೆ. ಒಂದು, ಕ್ಲ್ಯಾಂಪ್ ಮೀಟರ್. ಪಂಪುಸೆಟ್ಟಿಗೆ ಬಳಸುವ ಸಾಮಾನ್ಯ ಕ್ಲ್ಯಾಂಪ್ ಮೀಟರು ಎ.ಸಿ.ಯನ್ನು ಮಾತ್ರ ಅಳೆಯುವುದರಿಂದ, ಡಿ.ಸಿ. ಅಳೆಯುವಂಥದನ್ನೇ ಕೇಳಿ ತರಬೇಕು. ಮೊದಲು ಸೊನ್ನೆಗೆ ತಂದುಕೊಂಡು, ಒಂದೇ ಕೇಬಲ್ಲನ್ನು ಅದರ ಬಾಯಿಯೊಳಗೆ ಹಿಡಿಯಬೇಕು. ಇನ್ನೊಂದು, ಶಂಟ್. 50 ಆಂಪಿಯರಿಗೆ 75 ಮಿಲಿವೋಲ್ಟ್ ಎಂದು ಬರೆದಿರುವ ಶಂಟನ್ನು ಮೈನಸ್ ಕೇಬಲ್ಲಿನ ದಾರಿಯಲ್ಲಿ ಬಿಗಿಯಾಗಿ ಜೋಡಿಸಿ, ಅದರ ಸಣ್ಣ ತಿರುಪುಗಳ ನಡುವೆ ಮಲ್ಟಿಮೀಟರನ್ನು ಡಿ.ಸಿ. 200 ಮಿಲಿವೋಲ್ಟಿನಲ್ಲಿಟ್ಟು ಓದಿ. ಬಂದ ಮಿಲಿವೋಲ್ಟಿನ ಮೂರರಲ್ಲಿ ಎರಡು ಪಾಲೇ ಆಂಪಿಯರ್: 30 ಬಂದರೆ 20 ಆಂಪಿಯರ್. ನನ್ನ ಮಟ್ಟಿಗೆ ಇದೇ ಮೇಲು. ದೊಡ್ಡ ಕರೆಂಟು ಮೀಟರಿನೊಳಗೆ ಹೋಗುವುದೇ ಇಲ್ಲ.

ಈ 20 ಆಂಪಿಯರಿನಲ್ಲಿ, ಅರ್ಧ ಬ್ಯಾಟರಿಯ 75 ಆಂಪಿಯರ್-ಅವರ್ ಲೆಕ್ಕಕ್ಕೆ ಮೂರೂಮುಕ್ಕಾಲು ಗಂಟೆ ಬರಬೇಕು. ವಾಸ್ತವವಾಗಿ ಅಷ್ಟು ಬಾರದು. ಬ್ಯಾಟರಿಯ ಮೇಲೆ ಬರೆದಿರುವ 150 ಎಂಬುದು ಸಾಮಾನ್ಯವಾಗಿ 20 ಗಂಟೆಗಳ ನಿಧಾನ ಬಳಕೆಗೆ, ಎಂದರೆ ಏಳೂವರೆ ಆಂಪಿಯರಿಗೆ ಹೇಳಿದ್ದು. ಹೆಚ್ಚು ಎಳೆದಷ್ಟೂ ಅದು ಕೊಡುವುದು ಕಡಿಮೆಯಾಗುತ್ತದೆ. ಮೂರು ಗಂಟೆಯೆಂದು ಹಿಡಿದು, ರಾತ್ರಿ ಮರಿಗಳ ಕೊಠಡಿಗೆ ಯಾವ ದೀಪ ಇರಬೇಕು, ಯಾವ ಫ್ಯಾನು ನಿಲ್ಲಬಹುದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ.